ಐದು ಅಗುಳೂ ಸಾಲದು

ಅನ್ನ ಬೆಂದಿತೆ ಎಂದರಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಸಂಖ್ಯೆಗಳ ವಿಷಯದಲ್ಲಿ ಈ ನ್ಯಾಯ ನಡೆಯದು.

3, 5, 17, 257, 65,537 – ಈ ಐದೂ ಅವಿಭಾಜ್ಯ ಸಂಖ್ಯೆಗಳು. ತಮ್ಮಿಂದ ಮತ್ತು ಒಂದರಿಂದಲ್ಲದೆ ಬೇರಾವುದರಿಂದಲೂ ಭಾಗವಾಗವು. ಯಾವುದೇ ಒಂದರಲ್ಲಿ 1 ಕಳೆದು, ಉಳಿದುದನ್ನು ಅದರಿಂದಲೇ ಗುಣಿಸಿ, ಮತ್ತೆ 1 ಕೂಡಿಸಿದರೆ ಮುಂದಿನದು ದೊರೆಯುತ್ತದೆ.

ಹೀಗೆ ಬರುವ ಆರನೆಯದು 4,29,49,67,297. ಅದೂ, ಅದರ ಮುಂದಿನವೆಲ್ಲವೂ ಅವಿಭಾಜ್ಯಗಳೇ ಎಂದು ಫ್ರಾನ್ಸಿನ ಫರ್ಮಾ 1640ರಲ್ಲಿ ದೃಢವಾಗಿ ನಂಬಿದನು. ಆದರೆ ಸಾಧಿಸಿ ತೋರಿಸಲಿಲ್ಲ.

1732ರಲ್ಲಿ, 25 ವರ್ಷದ ತರುಣ ಆಯ್ಲರ್ ಆ ನಂಬಿಕೆಯನ್ನು ಮುರಿದನು. ಈ ಬೃಹತ್ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂಬ ಗುಟ್ಟನ್ನು ಅವನೇ ಮುಂದೆ ವಿವರಿಸಿದನು. ಅಂತಹವು ಕ್ರಮವಾಗಿ 193, 257, 449, 577, 641. ಮೊದಲಿನ ನಾಲ್ಕೂ ಸೋಲುತ್ತವೆ. ಐದನೆಯದಾದ 641 ಶೇಷವಿಲ್ಲದೆ ಭಾಗಿಸಿಬಿಡುತ್ತದೆ! ಭಾಗಲಬ್ಧ 67,00,417. ವಾಚಕರು ಪೆನ್ಸಿಲು ಹಿಡಿದು ಗುಣಿಸಿ ತಾಳೆ ನೋಡಬಹುದು.

ಆ ಐದರ ಆಚೆಗೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇಂದಿನವರೆಗೂ ಯಾರ ಕೈಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲವೆಂದು ಸಾಧಿಸಿದವರೂ ಇಲ್ಲ!