ನೀರಹಾವಿಗೆ ಬಕೆಟ್ ಬೇಡ

ಅಮೆರಿಕದಲ್ಲಿ ಸಾಕಿದ ಗಾರ್ಟರ್ ಹಾವು ನೀರಿನ ಬಟ್ಟಲಲ್ಲಿ ಸುರುಳಿ ಸುತ್ತಿ ಮಲಗಿರೋ ವಿಡಿಯೋ ನಾವೆಲ್ಲ ನೋಡೀವಿ. ಚೆಂದ ಕಾಣ್ತದ, ಖರೆ. ಆದರೆ ಹಾವು ಬರೀ ಮೋಜಿಗೆ ನೆನೆಯುವುದಿಲ್ಲ. ಪೊರೆ ಬಿಡುವ ಹೊತ್ತು ಬಂದಾಗ, ಸೆಕೆ ಹೆಚ್ಚಾದಾಗ, ಮೈಗೆ ನುಸಿ ಹತ್ತಿದಾಗ ನೀರಿಗಿಳಿಯುತ್ತದೆ. ದಿನವಿಡೀ ಅಲ್ಲೇ ಕೂತರೆ ಪೆಟ್ಟಿಗೆಯೊಳಗೆ ಏನೋ ಸರಿಯಿಲ್ಲವೆಂದು ಅನುಮಾನಪಡಬೇಕು. ಪಾಪ, ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲ.

ಅದರ ದೂರದ ಬಳಗ ನಮ್ಮ ಶೇಡಬಾಳದ ಕಡೆಯೂ ಇದೆ: ನೀರಹಾವು. ಕಾಲುವೆ, ಬಾವಿ, ನೀರು ನಿಂತ ಹೊಲ ಅದರ ಮನೆ. ಕಪ್ಪೆ, ಮೀನು ಅದರ ಊಟ. ವಿಷವಿಲ್ಲ. ಕೆಣಕಿದರೆ ಕುತ್ತಿಗೆ ಚಪ್ಪಟೆ ಮಾಡಿ ಕಚ್ಚಲು ಬರುತ್ತದೆ. ಅಷ್ಟಕ್ಕೇ ನಾಗರ ಅಂತ ಬಡಿಗೆ ಎತ್ತುವವರು ಒಂದು ಕಡೆ, ಹಿಡಿದು ಹಾಸ್ಟೆಲ್ ಬಕೆಟ್‌ನಲ್ಲಿ ಸಾಕೋಣ ಅನ್ನುವವರು ಇನ್ನೊಂದು ಕಡೆ. ನಮ್ಮ ಪ್ರಕಾರ ಎರಡೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎರಡೂ ಅಪರಾಧ.

‘ಕಲಿಯಾಕ ಸಾಕ್ತೀವಿ’ ಅಂತಾರೆ ಕೆಲವು ಗೆಳೆಯರು. ಬಕೆಟ್‌ನಲ್ಲಿ ಕಲಿಯೋದು ಏನದ? ಹಾವು ಯಾವಾಗ ನೀರಿಗಿಳೀತದ, ಯಾವಾಗ ದಂಡೆಗೆ ಬಂದು ಬಿಸಿಲು ಕಾಯ್ತದ ಅನ್ನೋದು ಕಾಲುವೆ ಹತ್ತಿರವೇ ತಿಳಿಯಬೇಕು. ದೂರ ನಿಂತು ನೋಡೋಣ, ಬರೆದಿಡೋಣ. ಅದೇ ಹೊಲದಲ್ಲಿ ಕೊಳಕುಮಂಡಲವೂ ಇರಬಹುದು, ಗುರುತು ಸಿಗದಿದ್ದರೆ ಕೈ ಹಾಕೋದು ಬ್ಯಾಡ. ರೂಮಿಗೆ ಹಾವು ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡೋಣ.

ಜೈನ ಮುನಿ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು ಶೇಡಬಾಳ. ಅಹಿಂಸೆ ಅಲ್ಲಿ ಹೊಸ ಪಾಠವಲ್ಲ. ಬಡಿಗೆ ಕೆಳಗಿಡೋದು ಅರ್ಧ ಅಹಿಂಸೆ. ಬಕೆಟ್ಟನ್ನೂ ಕೆಳಗಿಟ್ಟರೆ ಪೂರ್ತಿ.