ಊರು ಚಂದ ಅಂದ್ರ ಯಾವುದು?

ರವಿವಾರ ಆಲಮಟ್ಟಿ ಕಡೆ ಹೋಗುವ ಬಸ್ಸು ನೋಡಬೇಕು. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಮಕ್ಕಳುಮರಿ ಸಮೇತ ಬಾಗೇವಾಡಿ ಜನ ಹೊರಡುತ್ತಾರೆ. ಆಣೆಕಟ್ಟು ಬರೀ ನೆಪ. ನೋಡುವುದು ತೋಟ! ಮೊಘಲ್ ತೋಟ, ಇಟಾಲಿಯನ್ ತೋಟ, ಫ್ರೆಂಚ್ ತೋಟ. ಸಂಜೆಗೆ ಹಾಡಿಗೆ ಕುಣಿಯುವ ಕಾರಂಜಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ ಕೃಷ್ಣೆಯ ದಂಡೆಯ ಮೇಲೆ ಮೂರು ದೇಶದ ಸೊಗಸು ಒಂದೇ ಟಿಕೀಟಿನ ದೂರದಲ್ಲಿದೆ. ಜನ ಹಿಗ್ಗುತ್ತಾರೆ, ಹಿಗ್ಗಲಿ.

ಆದರೆ ಅದೇ ಜನ ರಾತ್ರಿ ಊರಿಗೆ ಮರಳಿ ಬಸ್ಸು ಇಳಿದಾಗ ಕಣ್ಣಿಗೆ ಬೀಳುವುದೇನು? ಹುಟ್ಟುಹಬ್ಬದ ಫ್ಲೆಕ್ಸು. ಅದರ ಹಿಂದೆ ಇನ್ನೊಂದು ಫ್ಲೆಕ್ಸು. ಅದರ ಹಿಂದೆ ಇರುವ ಅಂಗಡಿ ಯಾರದು ಎಂದು ಮಾಲಕರೇ ಹೇಳಬೇಕು! ಚಂದ ನೋಡಲು ಆಲಮಟ್ಟಿಗೆ ಹೋಗಬೇಕು, ಊರು ಹ್ಯಾಂಗಿದ್ರೂ ನಡೀತದ ಎಂಬ ಮಾತು ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಂತಿದೆ.

ಇದು ಬಾಗೇವಾಡಿಯವರ ರೋಗವೊಂದೇ ಅಲ್ಲ. ಅಮೆರಿಕದ ಜ್ಯಾಕ್ ನಾಸರ್ ಎಂಬ ಪಂಡಿತ ಜಪಾನಿನವರಿಗೂ ಅಮೆರಿಕದವರಿಗೂ ಎರಡೂ ದೇಶದ ಬೀದಿಗಳ ದೃಶ್ಯ ತೋರಿಸಿ, ಯಾವುದು ಚಂದ ಎಂದು ಕೇಳಿ, 1984ರಲ್ಲಿ ಅದನ್ನು ಪ್ರಕಟಿಸಿದ. ಇಬ್ಬರೂ ತಮ್ಮದಕ್ಕಿಂತ ಪರದೇಶದ ಬೀದಿಯನ್ನೇ ಮೆಚ್ಚಿದ್ದರು. ದೂರದ ಬೆಟ್ಟ ಅಲ್ಲಿಯೂ ನುಣ್ಣಗೇ! ಆದರೆ ಒಂದು ಮಾತಿಗೆ ಇಬ್ಬರದೂ ಒಪ್ಪಿಗೆಯಿತ್ತು: ಓರಣವಾಗಿರುವ, ಗಾಡಿ ಮೋಟಾರು ಕಣ್ಣಿಗೆ ರಾಚದ ಬೀದಿ ಇಬ್ಬರಿಗೂ ಬೇಕು. ದೇಶ ಬೇರೆಯಾದರೂ ಕಣ್ಣು ಕೇಳುವುದು ಬಹಳ ಬೇರೆಯಲ್ಲ.

ಪ್ಯಾರಿಸ್ಸಿನಲ್ಲಿ 1973ರಲ್ಲಿ 210 ಮೀಟರ್ ಎತ್ತರದ ಮೊಂಪಾರ್ನಾಸ್ ಗೋಪುರ ಎದ್ದಾಗ ಜನ ಮೂಗು ಮುರಿದರು. 1977ರಲ್ಲಿ 37 ಮೀಟರಿನ ಮಿತಿ ಬಂತು. ನಡುವೆ ಸಡಿಲ ಮಾಡಿ 2023ರಲ್ಲಿ ಮತ್ತೆ ಅಲ್ಲಿಗೇ ಬಂದರು. ಜಪಾನಿನ ಕ್ಯೋಟೋ 2007ರಲ್ಲಿ ಕಟ್ಟಡಗಳ ಮಾಳಿಗೆ ಮೇಲಿನ ಜಾಹೀರಾತನ್ನೇ ಬಂದ್ ಮಾಡಿತು. ಬ್ರೆಜಿಲಿನ ಸಾವೊ ಪಾವ್ಲೊ ನಗರ ಅದೇ ವರ್ಷ ಬೀದಿಯ ಜಾಹೀರಾತು ಫಲಕಗಳನ್ನೆಲ್ಲ ಕಿತ್ತು ಹಾಕಿ, ಅಂಗಡಿ ಬೋರ್ಡಿಗೂ ಅಳತೆ ಗೊತ್ತು ಮಾಡಿತು. ವ್ಯಾಪಾರಸ್ಥರ ಕೂಗಾಟ ಅಲ್ಲಿಯೂ ಇತ್ತು. ಬೋರ್ಡು ಹೋದ ಮೇಲೆ ಹಳೆಯ ಕಟ್ಟಡಗಳು ಊರವರಿಗೇ ಹೊಸದಾಗಿ ಕಂಡವು.

ಅಷ್ಟು ದೂರ ಯಾಕೆ? ವಿಜಯಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಮೊದಲು ಕಾಣುವುದು ಗೋಳಗುಮ್ಮಟ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಎಂದು 2010ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ರಿಪೇರಿಗೂ ಅಪ್ಪಣೆ ಬೇಕೇನ್ರೀ ಎಂದು ಮನೆಯವರು ಗೊಣಗುವುದು ಸುಳ್ಳಲ್ಲ, ಅವರ ತಾಪತ್ರಯ ಖರೇವೇ. ಆದರೂ ಗುಮ್ಮಟದ ಬುಡಕ್ಕೆ ನಾಲ್ಕಂತಸ್ತಿನ ಲಾಡ್ಜು ಎದ್ದರೆ ಸಹಿಸುವವರು ಯಾರು?

ಬಾಗಲಕೋಟೆಯ ನವನಗರದ ಮಾತು ಬೇರೆ. ಹಿನ್ನೀರಿಗೆ ಊರು ಮುಳುಗುತ್ತದೆ ಎಂದು ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯಿಂದ ಯೋಜನೆ ಮಾಡಿಸಿದರು. ಅಗಲ ರಸ್ತೆ, ನಂಬರು ಹಾಕಿದ ಸೆಕ್ಟರು. ನಕಾಶೆ ನೋಡಿದರೆ ಸೊಗಸು. ಆದರೂ ಹಳೇ ಊರಿನ ಇಕ್ಕಟ್ಟು ಬಜಾರಿನ ಸೆಳೆತ ಜನಕ್ಕೆ ಬಿಟ್ಟಿಲ್ಲ. ಯಾಕೆಂದರೆ ಅಲ್ಲಿ ಗೋಡೆಯ ನೆರಳುಂಟು, ಮನೆ ಮುಂದೆ ಕಟ್ಟಿಯುಂಟು, ಹೋಗಿಬರುವವರ ಮಾತುಂಟು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಇಲ್ಲಿ ನೆರಳಿಲ್ಲದ ಅಗಲ ರಸ್ತೆ ಫೋಟೋದಲ್ಲಷ್ಟೇ ಚಂದ. ಗಾಜು, ಶೀಟು ಹೊಡೆಸಿ ‘ಎಲಿವೇಶನ್’ ಮಾಡಿಸುವ ಬಾಗೇವಾಡಿಯ ಸಾಹುಕಾರರು ಇದನ್ನು ಯೋಚಿಸಬೇಕು. ಆ ಗಾಜಿನ ಝಳ ತಡೆಯುವವರು ಎದುರಿನ ಅಂಗಡಿಯವರು! ಮಣ್ಣಿನ ಮಾಳಿಗೆ, ಬೆಳಕಿಂಡಿ ಬಿಟ್ಟು ಕಟ್ಟುತ್ತಿದ್ದ ಹಿರಿಯರು ದಡ್ಡರಾಗಿರಲಿಲ್ಲ.

ಬೋರ್ಡು ಸಣ್ಣದಾದರೆ ಗಿರಾಕಿ ಬರುವುದಿಲ್ಲ ಎಂಬುದು ಅಂಗಡಿಕಾರರ ತಕರಾರು. ಬೀದಿಯಲ್ಲಿ ಎಲ್ಲ ಬೋರ್ಡೂ ದೊಡ್ಡವಾದರೆ ಓದುವವರು ಯಾರ್ರೀ? ಹಳ್ಳಿಯಿಂದ ಬರುವ ಗಿರಾಕಿ ಕಿರಾಣಿ ಅಂಗಡಿಯನ್ನು ಹುಡುಕುವುದು ಬೋರ್ಡು ನೋಡಿ ಅಲ್ಲ, ಮಾಲಕರ ಮುಖ ನೋಡಿ. ಹೇಗೂ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು. ಇನ್ನೂ ಬದಲಿಸದವರು ಖರ್ಚು ಮಾಡುವುದು ಇದ್ದೇ ಇದೆ. ಮಾಡುವಾಗ ಸಾಲಿಗೊಂದು ಅಳತೆ ಗೊತ್ತು ಮಾಡಿಕೊಂಡರೆ ಯಾರ ಗಂಟೂ ಹೋಗದು.

ಇನ್ನು ಫ್ಲೆಕ್ಸು. ಸಾರ್ವಜನಿಕ ಸ್ಥಳ ವಿರೂಪಗೊಳಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದ ಕಾಯ್ದೆ ಇದೆ. ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಂದಿದೆ. ಕಾಯ್ದೆಗೆ ಬರವಿಲ್ಲ. ಫ್ಲೆಕ್ಸಿನಲ್ಲಿ ನಗುತ್ತಿರುವವರ ಹತ್ತಿರ ಹೋಗಿ ‘ಇಳಸ್ರಿ’ ಅನ್ನುವ ಎದೆಗಾರಿಕೆಗೆ ಬರ!

ಬಸವಣ್ಣ ಹುಟ್ಟಿದ ಊರೆಂದು ನಾಡಿನ ಮೂಲೆಮೂಲೆಯಿಂದ ಜನ ಬಾಗೇವಾಡಿಗೆ ಬರುತ್ತಾರೆ. ಅವರು ಬಸ್ ಸ್ಟ್ಯಾಂಡಿನಿಂದ ಗುಡಿಯತನಕ ನಡೆಯುವ ಒಂದು ದಾರಿಯನ್ನಾದರೂ ಪುರಪಿತೃಗಳು ಕೈಗೆತ್ತಿಕೊಳ್ಳಲಿ. ಎರಡೂ ಬದಿಗೆ ಬೇವಿನ ಗಿಡ, ಗಿಡಕ್ಕೊಂದು ಕಟ್ಟಿ; ಫ್ಲೆಕ್ಸಿಗೆ ಜಾಗವಿಲ್ಲ; ಗಾಡಿ ನಿಲ್ಲಿಸಲು ಬೇರೆ ಕಡೆ ವ್ಯವಸ್ಥೆ. ವ್ಯಾಪಾರಸ್ಥರನ್ನು ಕರೆದು ಕೂಡಿಸಿ, ಬೋರ್ಡಿನ ಅಳತೆಯನ್ನು ಅವರ ಬಾಯಿಂದಲೇ ಹೇಳಿಸಲಿ. ಸಭೆಯನ್ನು ಶ್ರಾವಣದ ಜಾತ್ರೆಗೆ ಮೊದಲೇ ಕರೆಯಬೇಕು. ಜಾತ್ರೆಯ ಫ್ಲೆಕ್ಸು ಕಟ್ಟಿದ ಮೇಲೆ ಕರೆದರೆ ಬರುವವರಿಗೆ ಸಭಾಭವನವೇ ಕಾಣಲಿಕ್ಕಿಲ್ಲ.