ಟಿವಿಯ ಬಿಳಿ ನಿಜಕ್ಕೂ ಬಿಳಿಯೇ?

ಬಿಳಿ ಎಷ್ಟು ಫಳಫಳ ಹೊಳೆದರೆ ಟಿವಿ ಅಷ್ಟು ಒಳ್ಳೆಯದು ಎಂದು ನಾವು ನಂಬಿದ್ದೇವೆ. ಆದರೆ ‘ವಿವಿಡ್’ ಮೋಡ್ ಇರುವುದು ಅಂಗಡಿಯ ಝಗಮಗ ಬೆಳಕಿನಲ್ಲಿ ಪಕ್ಕದ ಟಿವಿಯನ್ನು ಸೋಲಿಸಲಿಕ್ಕೆ. ಮಳೆಗಾಲದಲ್ಲಿ ಹಗಲೇ ಮಬ್ಬಾಗುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಚಿನ ಮನೆಗಳಿಗಲ್ಲ.

ಟಿವಿಯ ಬಿಳಿಗೊಂದು ಅಳತೆಯಿದೆ: ಸುಮಾರು 6500 ಕೆಲ್ವಿನ್, ಹಗಲಿನ ಬೆಳಕಿಗೆ ಹತ್ತಿರ. ‘ವಿವಿಡ್’ನ ಬಿಳಿ ಸಾಮಾನ್ಯವಾಗಿ ಇದಕ್ಕಿಂತ ನೀಲಿ. ‘ಸಿನಿಮಾ’ ಮೋಡ್ ಹಾಕಿ, ಬಣ್ಣವನ್ನು ‘ವಾರ್ಮ್’ಗೆ ಇಟ್ಟರೆ ಅಳತೆಯ ಹತ್ತಿರ ಬರುತ್ತೇವೆ. ಮೊದಲೆರಡು ದಿನ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಟಿವಿ ಕೆಟ್ಟಿಲ್ಲ, ರಿಪೇರಿಯವರನ್ನು ಕರೆಯಬೇಕಿಲ್ಲ. ನಮ್ಮ ಕಣ್ಣು ನೀಲಿಗೆ ಒಗ್ಗಿಹೋಗಿತ್ತು, ಅಷ್ಟೆ.

‘ಬ್ರೈಟ್‌ನೆಸ್’ ಎಂಬ ಹೆಸರಂತೂ ದಾರಿ ತಪ್ಪಿಸುತ್ತದೆ. ಬಹಳಷ್ಟು ಟಿವಿಗಳಲ್ಲಿ ಅದು ಹೊಂದಿಸುವುದು ಕಪ್ಪನ್ನು! ರಾತ್ರಿಯ ಯಕ್ಷಗಾನದ ವಿಡಿಯೊ ಹಾಕಿ ನೋಡಿ: ಹಿಂದಿನ ಕತ್ತಲು ಬೂದಿಯಾಗಬಾರದು, ವೇಷದ ಕಪ್ಪು ಬಟ್ಟೆಯ ನೆರಿಗೆ ಮುಚ್ಚಿಹೋಗಲೂಬಾರದು. ಬಣ್ಣಕ್ಕೆ ನಮ್ಮ ಪರೀಕ್ಷೆ ಮಳೆಗಾಲದ ಜೋಗ. ಆ ಕೆಂಪು ಕದಡು ನೀರು ಹಾಲಿನಂತೆ ಹೊಳೆದರೆ ಸೆಟ್ಟಿಂಗ್ ಸುಳ್ಳು ಹೇಳುತ್ತಿದೆ ಎಂದೇ ಅನುಮಾನಿಸಿ.

ಮೊಬೈಲ್‌ನಲ್ಲಿ ಫೋಟೊ ತೆಗೆದು ಹೋಲಿಸುವುದು ವ್ಯರ್ಥ. ಕ್ಯಾಮೆರಾ ತಾನೇ ಬಿಳಿಯನ್ನು ತಿದ್ದಿಕೊಳ್ಳುತ್ತದೆ. ಪಕ್ಕದ ಮನೆಯ ಅಂಕಿಗಳನ್ನು ನಕಲು ಮಾಡಿದರೂ ಅಷ್ಟೆ, ಪರದೆಯಿಂದ ಪರದೆಗೆ ವ್ಯತ್ಯಾಸವಿದೆ. ರಾತ್ರಿ ನೋಡುವವರು ರಾತ್ರಿಯೇ ಹೊಂದಿಸಿಕೊಳ್ಳಿ.